ಭಾನುವಾರ ಜಗಳವಿರಲಿಲ್ಲ

ಮಂಗಳವಾರ, ಹದಿನಾಲ್ಕನೇ ತಾರೀಕು
ಸಂಜೆ, ಊಟವಾದ ಮೇಲೆ

ಮನೆಯಲ್ಲಿಲ್ಲದ ನಮ್ಮ ಮನೆಯವರಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿಮ್ಮ ಹುಬ್ಬು ಮೇಲಕ್ಕೆ ಹೋಗಿರುತ್ತದೆ, ಗೊತ್ತು. ಫೋನಿನಲ್ಲಿ ಬೈದದ್ದು ಸಾಲದು ಅಂತ ಇವಳು ಈಗ ಅಂಚೆಯಲ್ಲೂ ಶುರು ಮಾಡಿದಳಾ ಅಂದುಕೊಳ್ಳಬೇಡಿ. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡು ನಿಮಿಷ ದಾಟುವುದಿಲ್ಲ. ನಾನು ಏನಾದರೂ ಹೇಳಲು ಹೊರಡುತ್ತೇನೆ, ನೀವು ‘ಸರಿ ಬಿಡು’ ಅನ್ನುತ್ತೀರಿ, ಆ ‘ಸರಿ ಬಿಡು’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅಲ್ಲಿಗೆ ಮುಗಿಯಿತು. ಕಾಗದವಾದರೆ ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಅದಕ್ಕೇ ಅಂಗಡಿಗೆ ಹೋಗಿ ಗೆರೆ ಹಾಕಿದ ಹಾಳೆ ತಂದು ಕೂತಿದ್ದೇನೆ. ನಾನು ಕ್ಷೇಮ ಅಂತ ಬರೆಯುವುದು ಎಲ್ಲರ ರೂಢಿ. ಈ ಸಲ ನನ್ನ ಮಟ್ಟಿಗೆ ಅದು ನಿಜವೂ ಹೌದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಾಯರಮ್ಮ, ನಮ್ಮ ಮಗಳು, ಮನೆಗೆ ಬರಬೇಕು. ಹನ್ನೊಂದು ವರ್ಷದ ಮಗಳು ಎಂಟು ತಿಂಗಳಿಂದ ಸೋದರತ್ತೆಯ ಮನೆಯ ಹಜಾರದಲ್ಲಿ ಮಲಗುತ್ತಿದ್ದಾಳೆ, ಇಲ್ಲಿ ಅವಳ ಮಂಚಕ್ಕೆ ನಾನು ದಿನಾ ಹೊದಿಕೆ ಸರಿಮಾಡುತ್ತೇನೆ. ನೀವು ಅವಳನ್ನು ಕರೆದುಕೊಂಡು ಹೋದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹೆತ್ತವಳ ಕೈಯಿಂದಲೇ ಮಗುವಿನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದರೆ ಅಪ್ಪನಾದವನು ಇನ್ನೇನು ಮಾಡಬೇಕಿತ್ತು? ‘ಅವಳು ನಿನ್ನ ಹತ್ತಿರ ಇದ್ರೆ ನಂಗೆ ಕೆಲಸದಲ್ಲಿ ಕೈ ಓಡಲ್ಲ’ ಅಂದಿರಿ. ಬಡಗಿಯ ಕೈ ಗರಗಸದ ಮುಂದೆ ನಡುಗಬಾರದು, ಅದೂ ನನಗೆ ಅರ್ಥವಾಗುತ್ತದೆ. ಆದರೆ ಆ ಸಂಜೆ ನಿಜವಾಗಿ ಏನಾಯಿತು ಅನ್ನುವುದು ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾಗಿ ಈಗ ನಲವತ್ತು ದಿನವಾಯಿತು.

ಅದು ತಿಳಿದದ್ದು ನಮ್ಮ ಕ್ಯಾಂಟೀನಿನಲ್ಲಿ. ಕ್ಯಾಂಟೀನಿನ ಕಥೆ ದಿನಾ ಬಂದು ನಿಮಗೆ ಒಪ್ಪಿಸುತ್ತಿದ್ದೆ, ನೀವು ಕೇಳಿಸಿಕೊಂಡವರ ಹಾಗೆ ತಲೆ ಆಡಿಸುತ್ತಿದ್ದಿರಿ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಕಾರ್ಖಾನೆಯವರು ಮೂರು ಸರದಿಯಲ್ಲಿ ಊಟಕ್ಕೆ ಬರುತ್ತಾರೆ, ಹನ್ನೆರಡಕ್ಕೆ, ಹನ್ನೆರಡೂ ಮುಕ್ಕಾಲಿಗೆ, ಒಂದೂವರೆಗೆ. ಒಟ್ಟು ಆರು ನೂರು ತಟ್ಟೆ. ಕೌಂಟರಿನಲ್ಲಿ ನನ್ನದು ಮೂರನೇ ಜಾಗ, ಬೇಳೆಯ ಸೌಟು. ಕೊನೆಯವರು ಎದ್ದು, ತಟ್ಟೆಗಳನ್ನು ಎಣಿಸಿ, ಕೌಂಟರ್ ಒರೆಸಿದ ಮೇಲೆ ನಮಗೆ ಊಟ. ಆಗ ಎರಡೂ ಮುಕ್ಕಾಲು ಆಗಿರುತ್ತದೆ, ಒಮ್ಮೊಮ್ಮೆ ಮೂರು. ಅಲ್ಲಿಯವರೆಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ, ಬಡಿಸುವವರು ಬಾಯಾಡಿಸಿದರೆ ಉಣ್ಣುವವರಿಗೆ ಅಸಹ್ಯವಂತೆ. ಏಪ್ರನ್ನಿಗೆ ಜೇಬು ಇದೆ, ಆದರೆ ಅದರ ಬಾಯಿ ಹೊಲಿದುಬಿಟ್ಟಿದ್ದಾರೆ. ಎಂದೋ ಯಾರೋ ಚಮಚ ಕದ್ದರು ಅಂತ ಹನ್ನೆರಡು ಜನರ ಜೇಬಿಗೂ ಹೊಲಿಗೆ. ಎದುರಿಗೆ ಆರು ನೂರು ಜನರ ಊಟ ಇದ್ದರೂ ಒಂದು ಚೂರು ಬೆಲ್ಲ ಇಟ್ಟುಕೊಳ್ಳಲು ನನಗೆ ಜಾಗವಿರಲಿಲ್ಲ.

ನನ್ನ ಸಕ್ಕರೆ ಕಾಯಿಲೆ ನಿಮಗೆ ಗೊತ್ತು. ಬೆಳಿಗ್ಗೆ ಆರಕ್ಕೆ ಸೂಜಿ, ಸಂಜೆ ಏಳಕ್ಕೆ ಸೂಜಿ, ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸಿದವಳಲ್ಲ. ಚೀಟಿಯಲ್ಲಿ ‘ಊಟಕ್ಕೆ ಮೊದಲು’ ಅಂತ ಬರೆದುಕೊಟ್ಟಿದ್ದರು. ಎಷ್ಟು ಹೊತ್ತು ಮೊದಲು, ಊಟ ತಡವಾದರೆ ಏನು ಮಾಡಬೇಕು, ಅದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೆನ್ನ ಹಿಂದೆ ನೂರು ಜನ ಸಾಲಿನಲ್ಲಿ ನಿಂತು ಉಸಿರು ಬಿಡುತ್ತಿದ್ದರೆ ಯಾರಿಗೆ ಬಾಯಿ ಬರುತ್ತದೆ? ಆಸ್ಪತ್ರೆಗೆ ಹೋದ ದಿನ ಅರ್ಧ ದಿನದ ಕೂಲಿ ಹೋಗುತ್ತದೆ. ಬೇಗ ಚೀಟಿ ಕೊಟ್ಟರೆ ಸಾಕಪ್ಪಾ ಅಂತ ಓಡಿ ಬರುತ್ತಿದ್ದೆ.

ಈಗ ನನ್ನ ಹೆಡ್ಡತನ ಹೇಳುತ್ತೇನೆ, ನಗಬೇಡಿ. ಸಕ್ಕರೆ ಏರಿದರೆ ತಪ್ಪು, ಇಳಿದರೆ ಒಳ್ಳೆಯದು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹನ್ನೆರಡೂವರೆ ಹೊತ್ತಿಗೆ ಕೈ ನಡುಗುತ್ತಿತ್ತು, ಕುತ್ತಿಗೆಯ ಹಿಂದೆ ತಣ್ಣನೆ ಬೆವರು ಇಳಿಯುತ್ತಿತ್ತು. ನಾನು ಏನಂದುಕೊಂಡೆ ಗೊತ್ತಾ? ಮದ್ದು ಹಿಡಿಯುತ್ತಿದೆ ಅಂದುಕೊಂಡೆ! ನಡುಕ ಜೋರಾದಷ್ಟೂ ಕಾಯಿಲೆ ಓಡಿಹೋಗುತ್ತಿದೆ ಅಂತ ಒಳಗೊಳಗೇ ಖುಷಿ. ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಮಾಡಿದಾಗಲೆಲ್ಲ ನನ್ನ ಅಂಕಿ ಎಲ್ಲರಿಗಿಂತ ಕಡಿಮೆ. ಡಾಕ್ಟರು ನನ್ನ ಕಾರ್ಡನ್ನು ಎತ್ತಿ ಹಿಡಿದು ಸಾಲಿನಲ್ಲಿದ್ದವರಿಗೆಲ್ಲ ತೋರಿಸಿದರು, ‘ನೋಡಿ, ಹಿಂಗಿರ್ಬೇಕು’ ಅಂದರು. ಹತ್ತನೇ ಕ್ಲಾಸಿನಲ್ಲೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ ದಿನ ನಿಮಗೆ ಬಂದು ಹೇಳಿದ್ದೆ, ನೆನಪಿದೆಯಾ? ನೀವು ‘ಭೇಷ್’ ಅಂದು ಬೆನ್ನು ತಟ್ಟಿದಿರಿ. ಮಾರನೇ ದಿನದಿಂದ ನಾನು ಇನ್ನೂ ಒಂದು ಹಿಡಿ ಅನ್ನ ಕಡಿಮೆ ಮಾಡಿದೆ. ತಿಂಗಳ ಕೊನೆಯಲ್ಲಿ ಅಕ್ಕಿ ಹಿಡಿತ ಮಾಡಬೇಕಾದಾಗ ಅದೂ ಅನುಕೂಲವೇ ಆಯಿತು.

ಆ ಕಡಿಮೆ ಅಂಕಿ ಹೇಗೆ ಬರುತ್ತಿತ್ತು ಅಂತ ಯಾರೂ ಕೇಳಲಿಲ್ಲ.

ನಲವತ್ತು ದಿನದ ಹಿಂದೆ, ಎರಡನೇ ಸರದಿ ನಡೆಯುತ್ತಿತ್ತು. ನಾನು ಬೇಳೆಯನ್ನು ತಟ್ಟೆಗೆ ಹಾಕದೆ ಕೌಂಟರಿನ ಮೇಲೆ ಸುರಿಯುತ್ತಿದ್ದೆನಂತೆ. ಒಂದು ಸೌಟಲ್ಲ, ಸಾಲಾಗಿ ಐದಾರು. ಸೂಪರ್‌ವೈಸರ್ ಬಂದು ಸೌಟು ಕಿತ್ತುಕೊಂಡರೆ ನಾನು ಅವನನ್ನು ಅವನ ಅಜ್ಜನ ಕಾಲದಿಂದ ಹಿಡಿದು ಬೈದೆನಂತೆ. ಎಲ್ಲ ‘ಅಂತೆ’ಗಳೇ, ನನಗೆ ಒಂದೂ ನೆನಪಿಲ್ಲ. ಕುಡಿದು ಬಂದಿದ್ದೀಯಾ ಅಂತ ಕೇಳಿ, ಕಾವಲುಗಾರನನ್ನು ಕರೆಸಿ ನನ್ನ ಬಾಯಿಯ ವಾಸನೆ ನೋಡಿಸಿದರಂತೆ. ಇನ್ನೂರು ಜನರ ಎದುರು, ರೀ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ನಮ್ಮಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಸೋಪಕ್ಕ ಅನ್ನುತ್ತಾರೆ. ಯಾರೊಂದಿಗೂ ಹೆಚ್ಚು ಮಾತಿಲ್ಲ, ಮೊಣಕೈವರೆಗೆ ನೊರೆ. ಅವಳು ಆ ನೊರೆ ಕೈಯಲ್ಲೇ ಎಲ್ಲರನ್ನೂ ತಳ್ಳಿಕೊಂಡು ಬಂದು, ‘ಕುಡಿದಿಲ್ಲ ಕಣ್ರೋ, ಸಕ್ಕರೆ ಇಳಿದಿದೆ, ದೂರ ಹೋಗ್ರಿ’ ಅಂತ ಕೂಗಿದಳಂತೆ. ನನ್ನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ ಲೋಟದಲ್ಲಿ ಸಕ್ಕರೆ ಕದಡಿ ಕುಡಿಸಿದಳು. ಹತ್ತು ಹದಿನೈದು ನಿಮಿಷಕ್ಕೆ ನನ್ನ ತಲೆಯೊಳಗೆ ಯಾರೋ ದೀಪ ಹಾಕಿದ ಹಾಗಾಯಿತು. ನೋಡುತ್ತೇನೆ, ಸೀರೆಯೆಲ್ಲ ಬೇಳೆ, ಸುತ್ತ ಜನ. ಸೋಪಕ್ಕನ ಅಣ್ಣನಿಗೆ ಹೀಗೇ ಆಗುತ್ತಿತ್ತಂತೆ. ಅವನು ಊಟ ಬಿಟ್ಟು ಗಾರೆ ಕೆಲಸ ಮಾಡುತ್ತಿದ್ದ, ಹೀಗೇ ಒಂದು ದಿನ ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದ, ಎದ್ದು ಬರಲಿಲ್ಲ. ಅಷ್ಟು ಹೇಳಿ ಅವಳು ಮತ್ತೆ ಪಾತ್ರೆಗೆ ಹೋದಳು.

ಕುಡುಕಿಯಲ್ಲ ಅಂತ ಡಾಕ್ಟರ ಕಾಗದ ತಂದರೆ ಮಾತ್ರ ಕೆಲಸ ಅಂದ ಸೂಪರ್‌ವೈಸರ್. ಮಾರನೇ ದಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಪುರುಸೊತ್ತಿಲ್ಲ, ಹೊಸದಾಗಿ ಬಂದ ನರ್ಸಮ್ಮನ ಹತ್ತಿರ ಕಳಿಸಿದರು. ಗುಂಗುರು ಕೂದಲು, ನಮ್ಮ ಲಾಯರಮ್ಮನಿಗೆ ಹತ್ತು ವರ್ಷ ಹೆಚ್ಚಾದರೆ ಹೀಗೇ ಇರುತ್ತಾಳೆ ಅನ್ನುವಂಥ ಮುಖ. ನಾನು ಕಾರ್ಡು ಮುಂದೆ ಚಾಚಿ, ‘ನೋಡಿ ನನ್ನ ಅಂಕಿ ಎಷ್ಟು ಚೆನ್ನಾಗಿದೆ’ ಅಂದೆ. ಅವಳು ಕಾರ್ಡನ್ನು ಮಡಿಸಿ ಪಕ್ಕಕ್ಕಿಟ್ಟಳು. ಇಷ್ಟು ವರ್ಷ ಎಲ್ಲರೂ ಏನು ತಿನ್ನುತ್ತೀರಿ ಅಂತ ಕೇಳಿದ್ದರು, ಇವಳು ‘ಎಷ್ಟೊತ್ತಿಗೆ ತಿಂತೀರಮ್ಮ?’ ಅಂತ ಕೇಳಿದಳು. ನಾನು ಗಂಟೆ ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಬೆಳಿಗ್ಗೆ ಹಾಕಿಕೊಂಡ ಮದ್ದು ಮಧ್ಯಾಹ್ನದ ಹೊತ್ತಿಗೆ ಜೋರು ಮಾಡುತ್ತದಂತೆ, ಆಗ ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನೇ ಕೆಳಕ್ಕೆ ಎಳೆಯುತ್ತದಂತೆ. ಸಕ್ಕರೆ ಇಳಿದರೆ ಮೊದಲು ಕೆಡುವುದು ತಲೆ. ಕೆಲವರು ಅಳುತ್ತಾರೆ, ಕೆಲವರು ತೂಕಡಿಸುತ್ತಾರೆ, ಕೆಲವರು ಬೈಯುತ್ತಾರೆ, ಹೊಡೆಯುತ್ತಾರೆ. ಆಮೇಲೆ ನೆನಪಿರುವುದಿಲ್ಲ.

ನಾನು ಆ ಕಾರ್ಡನ್ನು ಎಳೆದುಕೊಂಡು ಅಂಕಿಗಳನ್ನು ಮತ್ತೆ ಮೊದಲಿಂದ ಓದಿದೆ.

ಅವಳು, ‘ಮನೇಲಿ ಯಾರಾದ್ರೂ ನಿಮಗೆ ಸುಮ್‌ಸುಮ್ನೆ ಸಿಟ್ಟು ಬರುತ್ತೆ ಅಂತಾರಾ?’ ಅಂತ ಕೇಳಿದಳು. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಮದುವೆಯಾದ ಹೊಸದರಲ್ಲೇ ನನಗೆ ಬೆಂಕಿಪೊಟ್ಟಣ ಅಂತ ಹೆಸರಿಟ್ಟ ಗಂಡನಿದ್ದಾರಮ್ಮ ಅಂದೆ. ಯಾವ ದಿನ ಜಗಳ ಆಗುತ್ತಿತ್ತು ಅಂದಳು. ದಿನಾ ಅಂದೆ. ಯಾವ ದಿನ ಆಗುತ್ತಿರಲಿಲ್ಲ ಅಂದಳು. ಯೋಚನೆ ಮಾಡಿ ಹೇಳಿದೆ, ಭಾನುವಾರ.

ನೀವೂ ಯೋಚಿಸಿ ನೋಡಿ. ‘ಭಾನುವಾರ ನೀನು ಬೇರೆ ಹೆಂಗಸು ಕಣೇ’ ಅಂತ ನೀವೇ ಎಷ್ಟು ಸಲ ಅಂದಿಲ್ಲ? ಭಾನುವಾರ ಮೂವರೂ ಒಟ್ಟಿಗೆ ಕೂತು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆವು. ಬೇರೆ ದಿನ ನಾನು ಸಂಜೆ ಏಳಕ್ಕೆ ಸರಿಯಾಗಿ ಸೂಜಿ ಹಾಕಿಕೊಂಡು, ಅಡುಗೆ ಮುಗಿಸಿ, ಮಗಳಿಗೆ ಬಡಿಸಿ, ನಿಮಗೆ ಕಾಯುತ್ತಿದ್ದೆ. ನೀವು ಕೆಲಸ ಮುಗಿಸಿ ಎಂಟೂವರೆಗೆ, ಒಮ್ಮೊಮ್ಮೆ ಒಂಬತ್ತಕ್ಕೆ ಬರುತ್ತಿದ್ದಿರಿ. ದಿನವಿಡೀ ಮರ ಕೊಯ್ದು ಬರುವ ಮನುಷ್ಯ ಒಬ್ಬನೇ ಕೂತು ಉಣ್ಣಬಾರದು ಅನ್ನುವುದು ನನ್ನ ಹಟ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಾನು ಶುರು. ‘ನನ್ನ ಮುಖ ನೋಡಿದರೇ ಇವಳಿಗೆ ಆಗುವುದಿಲ್ಲ’ ಅಂತ ನೀವು ತಿಳಿದುಕೊಂಡಿರಿ. ಬರುಬರುತ್ತಾ ಇನ್ನೂ ತಡವಾಗಿ ಬರಲು ಶುರು ಮಾಡಿದಿರಿ, ನಾನು ಇನ್ನೂ ಹೆಚ್ಚು ಹೊತ್ತು ಕಾದೆ. ನಿಮ್ಮ ಮೇಲಿನ ಪ್ರೀತಿಯಿಂದ ಕಾದು ಕಾದು ನಿಮ್ಮನ್ನು ಮನೆಯಿಂದಾಚೆ ಹಾಕಿದೆ, ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಆ ರಾತ್ರಿ ಹಳೆಯ ಕ್ಯಾಲೆಂಡರ್ ತೆಗೆದು ನೆನಪಿದ್ದ ಜಗಳಗಳನ್ನೆಲ್ಲ ಬೇರೆ ಬೇರೆ ಮಾಡಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಬೀಗದ ಕೈ ನೀವು ಬಚ್ಚಿಟ್ಟಿದ್ದೀರಿ ಅಂತ ಮನೆ ತಲೆಕೆಳಗು ಮಾಡಿದೆನಲ್ಲ, ಅದು ನನ್ನ ಕೈಯಲ್ಲೇ ಇತ್ತಲ್ಲ, ಅದು ಸಕ್ಕರೆಯದು. ತಟ್ಟೆಯನ್ನು ಗೋಡೆಗೆ ಎಸೆದದ್ದು, ಸಕ್ಕರೆಯದು. ನೀವು ಬೇರೆ ಯಾರದೋ ಮನೆಗೆ ಹೋಗಿ ಬರುತ್ತೀರಿ ಅಂತ ಎದುರು ಮನೆಯವರಿಗೆ ಕೇಳುವ ಹಾಗೆ ಕೂಗಿದ್ದು, ಅದೂ ಸಕ್ಕರೆಯದೇ. ಪಾಪ, ನಿಮಗೆ ನಮ್ಮ ಮನೆಗೆ ಬರಲೇ ಪುರುಸೊತ್ತಿರಲಿಲ್ಲ. ಆದರೆ ಮಗಳ ಶಾಲೆಯಲ್ಲಿ ಅಪ್ಪ ಅಮ್ಮನನ್ನು ಕರೆದ ದಿನ ನೀವು ಮರೆತು ಕಿಟಕಿ ಜೋಡಿಸಲು ಹೋದದ್ದಕ್ಕೆ ನಾಲ್ಕು ದಿನ ಮಾತು ಬಿಟ್ಟೆನಲ್ಲ, ಅದು ಅಪ್ಪಟ ನನ್ನದು. ನಾಲ್ಕು ದಿನ ಕಡಿಮೆಯೇ ಆಯಿತು. ನಿಮ್ಮಕ್ಕ, ನಮ್ಮ ಅತ್ತಿಗೆ, ಹಾಡಲು ಕೂತರೆ ನಲ್ಲಿಯಲ್ಲಿ ಗಾಳಿ ಬಂದ ಹಾಗೆ ಕೇಳುತ್ತದೆ ಅಂದದ್ದೂ ನನ್ನದೇ. ಹೊಟ್ಟೆ ತುಂಬ ಉಂಡು ಅಂದದ್ದು, ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಆದರೂ ಎಂಟು ತಿಂಗಳು ನನ್ನ ಮಗಳಿಗೆ ಹೊತ್ತು ಹೊತ್ತಿಗೆ ಅನ್ನ ಹಾಕಿದ್ದಾರೆ, ಆ ಋಣ ನನ್ನ ಮೇಲಿದೆ ಅಂತ ಹೇಳಿ. ಹಾಡಿನ ವಿಷಯ ಹೇಳಬೇಡಿ.

ಇನ್ನು ಆ ಸಂಜೆ. ಬರೆಯುವುದನ್ನು ಇಲ್ಲಿಯವರೆಗೆ ಮುಂದೂಡಿದೆ. ಆ ದಿನ ಕ್ಯಾಂಟೀನಿನಲ್ಲಿ ಅನ್ನ ಸಾಲದೆ ನಮಗೆ ಉಳಿದದ್ದು ತರಕಾರಿ ನೀರು ಮಾತ್ರ. ಮನೆಗೆ ಬಂದು ಏಳಕ್ಕೆ ಸೂಜಿ ಹಾಕಿಕೊಂಡೆ, ಗಡಿಯಾರ ಏಳು ತೋರಿಸಿತಲ್ಲ, ಹಾಕಿಕೊಂಡೆ. ಒಲೆ ಹಚ್ಚಿದ್ದು ನೆನಪಿದೆ. ಅವಳು ಶಾಲೆಯ ಕಾಗದ ಹಿಡಿದುಕೊಂಡು, ‘ಅಮ್ಮ, ಇಲ್ಲೊಂದು ಸಹಿ ಹಾಕು’ ಅಂದದ್ದು ನೆನಪಿದೆ. ಮುಂದಿನ ನೆನಪು ಅಂದರೆ ನನ್ನ ಕೈಯಲ್ಲಿ ಟವೆಲು, ಟವೆಲಿನಲ್ಲಿ ರಕ್ತ, ಮೇಜಿನ ಮೂಲೆಯ ಕೆಳಗೆ ಅವಳು. ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಡುವೆ ಏನಾಯಿತು ಅಂತ ಆರೇಳು ತಿಂಗಳು ತಲೆ ಚಚ್ಚಿಕೊಂಡೆ. ನಾನು ಕೆಟ್ಟವಳು, ನನ್ನೊಳಗೆ ಏನೋ ಕೆಟ್ಟದ್ದು ಕೂತಿದೆ ಅಂತಲೇ ನಂಬಿದ್ದೆ. ಮಾರನೇ ದಿನ ನೀವು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ಒಂದು ಮಾತು ಬಂತಲ್ಲ, ಅದನ್ನೂ ದಯವಿಟ್ಟು ಸಕ್ಕರೆಯ ಪಾಲಿಗೇ ಹಾಕಿಬಿಡಿ. ಏನಂದೆನೋ ನನಗೆ ಸರಿಯಾಗಿ ನೆನಪೂ ಇಲ್ಲ.

ಸಕ್ಕರೆ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ತಳ್ಳಿದ್ದು ನನ್ನ ಕೈ. ಆ ಗಾಯ ಅವಳ ಮುಖದಲ್ಲಿ ಇರುವವರೆಗೂ ಅದು ನನ್ನದೇ. ಆದರೆ ಒಂದು ಮಾತು ಅವಳಿಗೆ ಇವತ್ತೇ ಹೇಳಬೇಕು. ಹೋದ ತಿಂಗಳು ಫೋನಿನಲ್ಲಿ ಅವಳು, ಅದೂ ನಮ್ಮ ಲಾಯರಮ್ಮ, ಎಲ್ಲದಕ್ಕೂ ಎದುರು ವಾದಿಸುವವಳು, ಸಣ್ಣ ದನಿಯಲ್ಲಿ ‘ಅಮ್ಮ, ನಾನು ಅವತ್ತು ಸಹಿ ಕೇಳಬಾರದಿತ್ತಾ?’ ಅಂತ ಕೇಳಿದಳು. ಎಂಟು ತಿಂಗಳು ಆ ಮಗು ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದೆ. ನಾನು ‘ಉಂಡೆಯಾ’ ಅಂತ ಮಾತ್ರ ಕೇಳಿ ಫೋನು ಇಟ್ಟುಬಿಟ್ಟೆ. ಸಹಿ ಕೇಳಿದ್ದು ಸರಿ, ನೂರು ಸಲ ಕೇಳಬಹುದು, ಅವಳದು ಎಳ್ಳಷ್ಟೂ ತಪ್ಪಿಲ್ಲ ಅಂತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಈ ಕಾಗದವನ್ನೇ ಓದಲು ಕೊಡಿ ಬೇಕಾದರೆ. ಅವಳಿಗೆ ಸಾಕ್ಷಿ ಇಲ್ಲದೆ ಯಾವುದೂ ಒಪ್ಪಿಗೆಯಾಗುವುದಿಲ್ಲ.

ಈಗ ಒಳ್ಳೆಯ ಸುದ್ದಿ. ಡಾಕ್ಟರು ಮದ್ದಿನ ಪ್ರಮಾಣ ಇಳಿಸಿದರು. ‘ಗಡಿಯಾರ ನೋಡಿ ಚುಚ್ಕೋಬೇಡಿ, ತಟ್ಟೆ ನೋಡಿ ಚುಚ್ಕೊಳ್ಳಿ’ ಅಂತ ನರ್ಸಮ್ಮ ನನ್ನ ಕೈಲಿ ಮೂರು ಸಲ ಹೇಳಿಸಿದಳು. ಬೆರಳು ಚುಚ್ಚಿ ಸಕ್ಕರೆ ನೋಡುವ ಪಟ್ಟಿಗಳನ್ನು ಬೆಳಿಗ್ಗೆ ಮಾತ್ರ ಖರ್ಚು ಮಾಡುತ್ತಿದ್ದೆ, ಈಗ ಕೈ ನಡುಗಿದಾಗ ನೋಡುತ್ತೇನೆ. ಕುಡುಕಿಯಲ್ಲ ಅನ್ನುವ ಕಾಗದವನ್ನೂ ಡಾಕ್ಟರ ಸಹಿ ಹಾಕಿಸಿ ಕೊಟ್ಟಳು, ಅದರ ಕೆಳಗೆ ತಾನೇ ಎರಡು ಸಾಲು ಸೇರಿಸಿದಳು, ಇವರು ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಮೈಮೇಲೆ ಸಕ್ಕರೆ ಇಟ್ಟುಕೊಂಡಿರಬೇಕು ಅಂತ.

ಸೂಪರ್‌ವೈಸರ್ ಅದನ್ನು ಓದಿ, ನಿಯಮ ಅಂದರೆ ನಿಯಮ, ಒಬ್ಬರಿಗೆ ಜೇಬು ಬಿಚ್ಚಿದರೆ ಎಲ್ಲರೂ ಬಿಚ್ಚುತ್ತಾರೆ ಅಂದ. ನಾನು ಬಾಯಿ ತೆರೆಯುವ ಮೊದಲೇ ಸೋಪಕ್ಕ ಬಂದು ಅವನ ಎದುರೇ ನನ್ನ ಏಪ್ರನ್ನಿನ ಹೊಲಿಗೆಗೆ ಹಲ್ಲು ಹಾಕಿ ಕಿತ್ತಳು. ಆಮೇಲೆ ಅನ್ನದ ಸೌಟಿನವಳು ತಾನೂ ಬಂದು ನಿಂತಳು. ಅವಳಿಗೂ ಸಕ್ಕರೆ ಕಾಯಿಲೆಯಂತೆ, ಎರಡು ವರ್ಷದಿಂದ ಕೆಲಸ ಹೋದೀತು ಅಂತ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ನನ್ನ ಮಗ್ಗುಲಲ್ಲೇ ನಿಂತು ನಡುಗಿದ್ದಾಳೆ, ನಾನು ಅವಳನ್ನು ಸೋಮಾರಿ ಅಂತ ಬೈದುಕೊಂಡಿದ್ದೆ! ಹನ್ನೆರಡು ಜನರಲ್ಲಿ ಇಬ್ಬರು ಅಂದ ಮೇಲೆ ಸೂಪರ್‌ವೈಸರ್ ತಲೆ ಕೆರೆದುಕೊಂಡ. ಈಗ ಹನ್ನೊಂದೂವರೆಗೆ, ಮೊದಲ ಸರದಿಗಿಂತ ಮುಂಚೆ, ಬಡಿಸುವವರೆಲ್ಲ ಕೂತು ಉಣ್ಣುತ್ತೇವೆ. ಇಪ್ಪತ್ತು ನಿಮಿಷ, ಬೆಂಚಿನ ಮೇಲೆ. ಮೊದಲ ದಿನ ಬಿಸಿ ಅನ್ನ ಬಾಯಿಗಿಟ್ಟು ಎಲ್ಲರೂ ನಾಲಿಗೆ ಸುಟ್ಟುಕೊಂಡೆವು, ಆರು ವರ್ಷ ಬಡಿಸಿದ ಅನ್ನ ಬಿಸಿಯಾಗಿದ್ದಾಗ ಹೇಗಿರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಆಮೇಲೆ ಬೇಳೆಗೆ ಉಪ್ಪು ಕಡಿಮೆ ಅಂತ ಅಡುಗೆಯವನನ್ನು ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡೆವು. ಆ ಬೈಗುಳ ಪೂರ್ತಿ ನಮ್ಮದೇ.

ನಲವತ್ತು ದಿನದಲ್ಲಿ ಎರಡು ಸಲ ಮಾತ್ರ ಇಳಿಯಿತು. ಎರಡೂ ಸಲ ನನಗೇ ಗೊತ್ತಾಯಿತು, ಜೇಬಿನಿಂದ ಸಕ್ಕರೆ ತೆಗೆದು ತಿಂದೆ, ಕೂತೆ, ಎದ್ದೆ, ಯಾರಿಗೂ ಬೈಯಲಿಲ್ಲ. ಮತ್ತೆಂದೂ ಆಗುವುದಿಲ್ಲ ಅಂತ ಮಾತು ಕೊಡಲು ನನಗೆ ಧೈರ್ಯವಿಲ್ಲ, ನರ್ಸಮ್ಮನೂ ಕೊಡಲಿಲ್ಲ. ಅದಕ್ಕೇ ನೀವೂ ಕಲಿಯಬೇಕು. ನಾನು ಬೆವರಿದರೆ, ಕೈ ನಡುಗಿದರೆ, ತಲೆ ಬುಡ ಇಲ್ಲದ ಮಾತಾಡಿದರೆ ವಾದಕ್ಕೆ ಇಳಿಯಬೇಡಿ. ‘ಸರಿ ಬಿಡು’ ಅಂತೂ ಅನ್ನಲೇಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಬೇಡ ಅಂದರೂ ಗದರಿಸಿ ಕುಡಿಸಿ. ಹದಿನೈದು ನಿಮಿಷ ಕಾದು ಮತ್ತೆ ನೋಡಿ, ಇನ್ನೂ ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ, ಸರಿಯಾದ ಮೇಲೆ ಊಟ ಹಾಕಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಸುರಿಯಬೇಡಿ, ನೇರ ಆಸ್ಪತ್ರೆಗೆ. ಉಂಡು ಅರ್ಧ ಗಂಟೆಯಾದ ಮೇಲೂ ನಾನು ಬೈಯುತ್ತಿದ್ದರೆ ಅದು ನಾನೇ, ಆಗ ಧಾರಾಳವಾಗಿ ಜಗಳ ಆಡಬಹುದು.

ಮಗಳ ವಿಷಯದಲ್ಲಿ ಅವಸರ ಮಾಡುವುದಿಲ್ಲ. ಮೊದಲು ಒಂದು ಊಟಕ್ಕೆ ಬನ್ನಿ. ಅವಳು ನನ್ನನ್ನು ನೋಡಲಿ, ನನ್ನ ಪಕ್ಕ ಕೂರಲು ಭಯವಾದರೆ ನಿಮ್ಮ ಪಕ್ಕ ಕೂರಲಿ. ಸಕ್ಕರೆ ನೋಡುವ ಯಂತ್ರವನ್ನು ಅವಳ ಕೈಗೇ ಕೊಡುತ್ತೇನೆ, ಪರೀಕ್ಷೆ ಮಾಡಿ ತೀರ್ಪು ಕೊಡಲಿ. ಇರುತ್ತೇನೆ ಅಂದರೆ ಮಂಚ ಸಿದ್ಧವಿದೆ. ಇನ್ನೂ ಸ್ವಲ್ಪ ದಿನ ಅತ್ತೆಯ ಮನೆಯಲ್ಲಿರುತ್ತೇನೆ ಅಂದರೆ ಅದಕ್ಕೂ ನಾನು ಒಪ್ಪುತ್ತೇನೆ, ಹೊಟ್ಟೆ ಉರಿದರೂ ಒಪ್ಪುತ್ತೇನೆ.

ಈ ಭಾನುವಾರ ಒಂದು ಗಂಟೆಗೆ. ಒಂದು ವಿಷಯ ಈಗಲೇ ಹೇಳಿರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೆರಡೂವರೆಗೆ ನನ್ನ ಊಟ ಮುಗಿದಿರುತ್ತದೆ. ಇನ್ನು ಮೇಲೆ ನಾನು ನಿಮಗೆ ಕಾಯುವುದಿಲ್ಲ. ನೀವು ಬಂದ ಮೇಲೆ ಪಕ್ಕದಲ್ಲಿ ಕೂತು ಬಡಿಸುತ್ತೇನೆ, ನೀವಿಬ್ಬರೂ ಉಣ್ಣುವುದನ್ನು ಸಮಾಧಾನವಾಗಿ ನೋಡುತ್ತೇನೆ.

ಇಂತಿ,
ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವ
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ನೀವು ಮನೆ ಬಿಟ್ಟ ದಿನ ಬಾಗಿಲಲ್ಲಿ ನಾನು ಅಂದ ಮಾತನ್ನು ಸಕ್ಕರೆಯ ಪಾಲಿಗೆ ಹಾಕಿ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ದಿನ ಭಾನುವಾರ. ನಾನು ತಿಂಡಿ ತಿಂದಿದ್ದೆ, ತಲೆ ನೆಟ್ಟಗಿತ್ತು, ಅಂದದ್ದು ಅಕ್ಷರ ಅಕ್ಷರ ನೆನಪಿದೆ. ‘ನಿಮ್ಮಿಬ್ಬರ ಮುಖ ನಂಗೆ ಬೇಡ, ತಿರುಗಿ ಬರಬೇಡಿ’ ಅಂದೆ. ಅವಳ ಹಣೆಯ ಪಟ್ಟಿ ನೋಡಿ ನನಗೆ ನನ್ನ ಕೈಗಳದೇ ಭಯವಾಗಿತ್ತು, ಇನ್ನೊಂದು ಸಲ ಹೀಗಾದರೆ ಅವಳು ಉಳಿಯುತ್ತಾಳೋ ಇಲ್ಲವೋ ಅಂತ. ಭಯ ಅಂದಿದ್ದರೆ ನೀವು ಚೀಲ ಕೆಳಗಿಟ್ಟು ಉಳಿದುಬಿಡುತ್ತಿದ್ದಿರಿ, ನಿಮ್ಮನ್ನು ನಾನು ಬಲ್ಲೆ. ಅದಕ್ಕೇ ನೀವು ಉಳಿಯದಂಥ ಮಾತು ಹುಡುಕಿ ಅಂದೆ. ನೀವು ನಂಬಿದಿರಿ. ಅದು ನನ್ನ ಮಾತು, ಬೇರೆ ಯಾರದೂ ಅಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ಈಗ ತಾನೇ ಬೆರಳು ಚುಚ್ಚಿ ನೋಡಿದೆ, ನೂರ ಹದಿನೆಂಟು ಇದೆ. ಕೈ ನಡುಗುತ್ತಿಲ್ಲ. ಮನೆಗೆ ಬನ್ನಿ, ಇಬ್ಬರೂ ಬನ್ನಿ. ಇದನ್ನೂ ನಾನೇ ಹೇಳುತ್ತಿದ್ದೇನೆ.